ಬಾಗಿಲಿಗೆ ಹದಿನೇಳು ಹೆಜ್ಜೆ

ಆ ನೊಣಕ್ಕೆ ಬುದ್ಧಿ ಸಾಲದು, ಚಾವಣಿಯ ಈ ಮೂಲೆಯಿಂದ ಆ ಮೂಲೆಗೆ, ಅಲ್ಲಿಂದ ಬಲ್ಬಿಗೆ, ಬಲ್ಬಿನಿಂದ ಮತ್ತೆ ಮೂಲೆಗೆ, ನಡುವೆ ಒಂದು ಕ್ಷಣ ಕೂತು, ಕೈಗೆ ಕೈ ಉಜ್ಜಿಕೊಂಡು ಮತ್ತೆ ಹೊರಟಿತು — ಹೀಗೆ ಹಾರಾಡಿದರೆ ನಾಳೆ ಏಳಲಾಗುವುದಿಲ್ಲ ಮಹರಾಯ್ತಿ, ಮೂರು ದಿನ ಗೋಡೆಗೆ ಅಂಟಿಕೊಂಡು ಬಿದ್ದಿರುತ್ತೀಯ, ಆಗ ನಿನ್ನ ನಾದಿನಿ ನೊಣ ಬಂದು ಪಕ್ಕದಲ್ಲಿ ಕೂತು, ಏನತ್ತಿಗೆ, ಸುಸ್ತು ಯಾರಿಗಿಲ್ಲ ಹೇಳಿ, ನಮಗೂ ಆಗುತ್ತಪ್ಪ, ನಾವೇನು ಮಲಗಿಬಿಟ್ಟಿದ್ದೀವಾ ಅನ್ನುತ್ತಾಳೆ, ನನ್ನ ನಾದಿನಿ ಅಂದ ಹಾಗೆ, ಅವಳಿಗೆ ಸುಸ್ತಾದರೆ ಒಂದು ಲೋಟ ಚಹಾ ಕುಡಿದು ಏಳುತ್ತಾಳೆ, ನನಗೆ ಸುಸ್ತಾದರೆ ಆ ಲೋಟ ಎತ್ತಲು ಇನ್ನೊಬ್ಬರು ಬೇಕು, ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದೇವೆ, ಭಾಷೆಯದೇ ತಪ್ಪು — ಹತ್ತು ಗಂಟೆ ಹನ್ನೆರಡು ನಿಮಿಷ. ಹನ್ನೊಂದಕ್ಕೆ ಡ್ರಾಯಿಂಗ್ ಟೀಚರ್ ಬರುತ್ತಾರೆ. ಇವತ್ತು ಗುರುವಾರ, ಈ ಗುರುವಾರಕ್ಕಾಗಿ ಸೋಮವಾರ ತಲೆ ತೊಳೆದುಕೊಂಡೆ, ತಲೆ ತೊಳೆದದ್ದಕ್ಕೆ ಮಂಗಳವಾರ ಮಲಗಿದೆ, ನಿನ್ನೆ ಇಡೀ ದಿನ ಇವತ್ತಿಗಾಗಿ ಮಲಗಿದ್ದೆ, ನಾಳೆ ಇಡೀ ದಿನ ಇವತ್ತಿನಿಂದಾಗಿ ಮಲಗುತ್ತೇನೆ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನನ್ನ ವಿಷಯದಲ್ಲಿ ಕುಂಬಾರನೂ ನಾನೇ ದೊಣ್ಣೆಯೂ ನಾನೇ. ಇವರು, ನಮ್ಮ ಯಜಮಾನರು, ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೊರಡುವ ಮುಂಚೆ ಎಲ್ಲ ಸಿದ್ಧ ಮಾಡಿದ್ದಾರೆ, ಫ್ಲಾಸ್ಕಿನಲ್ಲಿ ಚಹಾ, ಎರಡು ಲೋಟ, ಮಂಚದಿಂದ ಆರನೇ ಹೆಜ್ಜೆಗೆ ಊಟದ ಮನೆಯ ಕುರ್ಚಿ, ಹನ್ನೆರಡನೇ ಹೆಜ್ಜೆಗೆ ಪುಸ್ತಕದ ಕಪಾಟಿನ ಪಕ್ಕ ಸ್ಟೂಲು, ಹದಿನೇಳನೆಯದಕ್ಕೆ ಬಾಗಿಲು. ನೋಡು, ಇದು ಮೊದಲನೇ ಬಸ್ ಸ್ಟಾಪು, ಅದು ಎರಡನೇದು, ಎರಡರಲ್ಲೂ ಇಳೀಬೇಕು, ಎಕ್ಸ್‌ಪ್ರೆಸ್ ಓಡಿಸಬೇಡ ಎಂದರು, ನೀನು ಏನೂ ಮಾಡ್ಬೇಡ, ಸುಮ್ನೆ ಮಲಗಿರು ಎಂದರು, ಹೊಸ್ತಿಲ ಹತ್ತಿರ ಹೋಗಿ ತಿರುಗಿ ಬಂದು, ಅಂದ ಹಾಗೆ ನನ್ನ ನೀಲಿ ಅಂಗಿ ಎಲ್ಲಿದೆ ಎಂದರು. ಮೈಮೇಲೆ ಇತ್ತು.

ಏಳಬೇಕು, ಆದರೆ ಏಳುವ ಮುಂಚೆ ಕೋಳಿಗೆ ಕೀ ಕೊಡಬೇಕು, ಕೋಳಿಯೆಂದರೆ ಅಡುಗೆಮನೆಯ ಗಂಟೆ, ಕೋಳಿಯ ಆಕಾರದ್ದು, ಕುತ್ತಿಗೆ ತಿರುಚಿದರೆ ಅಷ್ಟು ನಿಮಿಷ ಬಿಟ್ಟು ಕಿರ್ರೆಂದು ಅರಚುತ್ತದೆ, ಡಾಕ್ಟರಮ್ಮ ಹೇಳಿದ್ದು, ಸುಸ್ತಾದ ಮೇಲೆ ನಿಲ್ಲಿಸೋದಲ್ಲ ಮೇಡಂ, ಸುಸ್ತಾಗೋಕೆ ಮುಂಚೆನೇ ನಿಲ್ಲಿಸ್ಬೇಕು, ಐದು ನಿಮಿಷ ಕೆಲಸ, ಹತ್ತು ನಿಮಿಷ ಮಲಗೋದು, ಇನ್ನೂ ಮಾಡ್ಬಹುದಿತ್ತು ಅನ್ನಿಸ್ದಾಗ್ಲೇ ಬಿಡ್ಬೇಕು. ಇದನ್ನು ನನಗೆ ಹೇಳಿದಳು, ನನಗೆ, ನಲವತ್ತೆರಡು ಶಿಕ್ಷಕರ, ಇಪ್ಪತ್ತೆಂಟು ತರಗತಿಗಳ ವೇಳಾಪಟ್ಟಿಯನ್ನು ಹತ್ತೊಂಬತ್ತು ವರ್ಷ ಒಂಟಿ ಕೈಯಲ್ಲಿ ಹಾಕಿದವಳಿಗೆ, ಯಾರಿಗೂ ಎರಡು ಪಿರಿಯಡ್ ಒಟ್ಟಿಗೆ ಖಾಲಿ ಬಿಡದವಳಿಗೆ, ಯಾರಾದರೂ ರಜೆ ಹಾಕಿದರೆ ಖಾಲಿ ಕೂತವರನ್ನು ಬೇಟೆನಾಯಿಯ ಹಾಗೆ ಮೂಸಿ ಹುಡುಕಿ ಅವರ ಕ್ಲಾಸಿಗೆ ತಳ್ಳಿದವಳಿಗೆ — ಮಕ್ಕಳು ಇಟ್ಟ ಹೆಸರು ಗಡಿಯಾರಮ್ಮ, ನನಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದರು, ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಆಮೇಲೆ ಆ ಜ್ವರ ಬಂತು, ನಾಲ್ಕೇ ದಿನದ ಜ್ವರ, ಹೋಯಿತು, ನನ್ನನ್ನೂ ಜೊತೆಗೆ ಕರೆದುಕೊಂಡು ಹೋಯಿತು, ಎರಡೂವರೆ ವರ್ಷವಾಯಿತು, ಇನ್ನೂ ವಾಪಸು ಬಿಟ್ಟಿಲ್ಲ. ರಕ್ತ ನಾರ್ಮಲ್, ಎದೆ ನಾರ್ಮಲ್, ಥೈರಾಯ್ಡ್ ನಾರ್ಮಲ್, ಮೂರು ಜನ ಡಾಕ್ಟರುಗಳು ಒಂದೇ ರೀತಿ ನಕ್ಕು ಎಲ್ಲಾ ಚೆನ್ನಾಗಿದೆ ಮೇಡಂ ಎಂದರು, ಎಲ್ಲ ವಿಷಯದಲ್ಲೂ ಡಿಸ್ಟಿಂಕ್ಷನ್, ಆದರೆ ಮಗು ಎದ್ದು ನಿಲ್ಲಲಾರದು, ಅಂಥ ಮಗುವಿಗೆ ನಾನೇನು ಹೇಳುತ್ತಿದ್ದೆ, ನಾಟಕ ಆಡಬೇಡ, ಹೋಗಿ ನಿನ್ನ ಜಾಗದಲ್ಲಿ ಕೂತ್ಕೋ ಎನ್ನುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ. ನಾಲ್ಕನೆಯವಳೇ ಈ ಡಾಕ್ಟರಮ್ಮ, ವಯಸ್ಸು ನೋಡಿದರೆ ಯೂನಿಫಾರ್ಮ್ ಹಾಕಿಸಿ ಕೊನೇ ಬೆಂಚಿನಲ್ಲಿ ಕೂರಿಸಬೇಕು ಅನ್ನಿಸುತ್ತದೆ, ಅವಳೇ ಕಾಯಿಲೆಗೆ ಒಂದು ಹೆಸರಿಟ್ಟಳು, ನೀವು ಸುಳ್ಳು ಹೇಳ್ತಿಲ್ಲ ಅಂತ ನಂಗೊತ್ತು ಎಂದಳು, ನಾನು ಅಲ್ಲೇ ಅತ್ತೆ, ಅಳುವುದೂ ಒಂದು ಕೆಲಸ ಮೇಡಂ, ಐದು ನಿಮಿಷಕ್ಕೆ ನಿಲ್ಲಿಸಿ ಎಂದಳು.

ಎದ್ದೆ, ಒಂದು, ಎರಡು, ನೆಲ ತಣ್ಣಗಿದೆ, ಮೂರು, ಕಾಲುಗಳು ಬೇರೆ ಯಾರವೋ, ಹೇಳಿದ ಮಾತು ಕೇಳುತ್ತವೆ ಆದರೆ ಗೊಣಗಿಕೊಂಡು, ನಾಲ್ಕು, ಐದು, ಆರು, ಮೊದಲನೇ ಸ್ಟಾಪು, ಕೂತೆ, ಕೋಳಿಯ ಕುತ್ತಿಗೆ ಹತ್ತಕ್ಕೆ ತಿರುಚಿ ತೊಡೆಯ ಮೇಲೆ ಇಟ್ಟುಕೊಂಡೆ. ಆ ಕರಪತ್ರ ಈ ಕುರ್ಚಿಯ ದಿಂಬಿನ ಕೆಳಗೇ ಇದೆ, ತೆಗೆಯುವುದು ಬೇಡ, ಕಣ್ಣು ಮುಚ್ಚಿದರೂ ಕಾಣುತ್ತದೆ, ಡಾಕ್ಟರಮ್ಮ ಮೇಜಿನ ಖಾನೆಯಿಂದ ತೆಗೆದು ಕೊಟ್ಟದ್ದು, ವಿಶ್ರಾಂತಿ ತಗೊಳ್ಳೋದು ಹೇಗೆ ಅಂತ ನಮ್ಮ ಪೇಶೆಂಟ್ ಒಬ್ರು ಬರೆದುಕೊಟ್ಟಿದ್ದಾರೆ, ಚಿತ್ರಗಳು ತುಂಬಾ ಚೆನ್ನಾಗಿವೆ ನೋಡಿ. ನೋಡಿದೆ. ಮೊದಲನೇ ಚಿತ್ರದಲ್ಲಿ ಒಬ್ಬ ಹೆಂಗಸು ಮಲಗಿದ್ದಾಳೆ, ಎರಡನೆಯದರಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದಾಳೆ, ಮೂರನೆಯದರಲ್ಲಿ ಅವಳ ತಲೆಯ ಮೇಲೆ ಇನ್ನೊಬ್ಬಳು ಹತ್ತಿ ಕೂತಿದ್ದಾಳೆ, ಕೈಯಲ್ಲಿ ಕೋಲು, ಕೊರಳಲ್ಲಿ ಸರಪಳಿಗೆ ಕಟ್ಟಿದ ಕನ್ನಡಕ, ತುರುಬಿಗೆ ಸಿಕ್ಕಿಸಿದ ಕೆಂಪು ಪೆನ್ನು, ಗದ್ದದ ಎಡಕ್ಕೆ ಒಂದು ಮಚ್ಚೆ, ಏಳು ಏಳು ಸೋಮಾರಿ ಎಂದು ಅರಚುತ್ತಿದ್ದಾಳೆ, ಕೆಳಗೆ ದುಂಡಗಿನ ಅಕ್ಷರದಲ್ಲಿ, ನಮ್ಮೊಳಗಿನ ಗಡಿಯಾರಮ್ಮನ ಮಾತು ಕೇಳಬೇಡಿ. ಡಾಕ್ಟರಮ್ಮ ನಗುತ್ತಾ, ಈ ಹೆಂಗಸು ಎಲ್ಲರೊಳಗೂ ಇರ್ತಾಳೆ ಮೇಡಂ, ಬಂದ್ರೆ ಹೊರಗೆ ಕಳಿಸ್ಬಿಡಿ ಎಂದಳು, ನಾನು ನಿಧಾನವಾಗಿ ಸರಪಳಿಯ ಕನ್ನಡಕ ತೆಗೆದು ಚೀಲಕ್ಕೆ ಹಾಕಿಕೊಂಡೆ, ತುರುಬಿನ ಪೆನ್ನನ್ನೂ ತೆಗೆದೆ, ಮಚ್ಚೆಯನ್ನು ಏನು ಮಾಡಲಿ, ಅಂಗೈಯಲ್ಲಿ ಗದ್ದ ಮುಚ್ಚಿಕೊಂಡು ಕೂತೆ, ಹಲ್ಲು ನೋವಾ ಎಂದು ಕೇಳಿದಳು. ಆ ಗೆರೆ ಯಾರದೆಂದು ಕೇಳಬೇಕಾಗಿರಲಿಲ್ಲ, ಶಾಲೆಯ ಗೋಡೆಯ ಮೇಲೆಲ್ಲ ಅದೇ ಗೆರೆಯ ಮರ, ಹಕ್ಕಿ, ಮೀನು ಇದ್ದವು — ಡ್ರಾಯಿಂಗ್ ಟೀಚರ್. ನನಗೆ ಜ್ವರ ಬರುವ ಎಷ್ಟೋ ಮುಂಚೆ ಆಕೆ ನನಗೆ ಕೊಟ್ಟ ಅರ್ಜಿ ಎರಡೇ ಸಾಲು, ಊಟದ ನಂತರದ ಆರನೇ ಪಿರಿಯಡ್ ಖಾಲಿ ಬಿಟ್ಟುಕೊಟ್ಟರೆ ನಲವತ್ತು ನಿಮಿಷ ಮಲಗಿ ಉಳಿದ ದಿನ ನಿಭಾಯಿಸುತ್ತೇನೆ, ಬದಲಿಗೆ ಬೆಳಿಗ್ಗೆ ಮುಂಚೆ ಬರುತ್ತೇನೆ. ನಾನು ಅದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ, ಟೀಚರ್, ನೀವು ಬರ್ತಿರೋದು ಶಾಲೆಗೋ ಧರ್ಮಛತ್ರಕ್ಕೋ ಎಂದೆ, ಎಲ್ಲರೂ ನಕ್ಕರು, ಚೆನ್ನಾಗಿ ಹೇಳಿದೆ ಅಂದುಕೊಂಡೆ, ಅರ್ಜಿಯ ಮೇಲೆ ಕೆಂಪು ಪೆನ್ನಿನಲ್ಲಿ, ಸುಸ್ತು ಕಾರಣವಲ್ಲ, ಎಂದು ಬರೆದೆ, ಬರೆದು ಆರನೇ ಪಿರಿಯಡ್ ಏಳನೇ ಬಿ ಕೊಟ್ಟೆ, ಮೂರನೇ ಮಹಡಿ, ನಲವತ್ತೆಂಟು ಮಕ್ಕಳು, ಎಲ್ಲರ ಕೈಯಲ್ಲೂ ಬಣ್ಣ. ಆ ವರ್ಷ ಮುಗಿಯುವ ಮುಂಚೆಯೇ ಆಕೆ ಕೆಲಸ ಬಿಟ್ಟರು. ಬೀಳ್ಕೊಡುಗೆಗೂ ನಾನು ಹೋಗಲಿಲ್ಲ, ಬೇರೆ ಯಾರದೋ ಕ್ಲಾಸಿಗೆ ಬದಲಿ ಹುಡುಕುತ್ತಿದ್ದೆ.

ಕಿರ್ರ್. ಆಯಿತು ತಾಯಿ, ಎದ್ದೆ. ಏಳು, ಎಂಟು, ಹತ್ತು ಗಂಟೆ ಐವತ್ತಕ್ಕೆ ಇಲ್ಲಿರಬೇಕಿತ್ತು, ಐದು ನಿಮಿಷ ಮುಂಚೆಯೇ ಇದ್ದೇನೆ, ಒಂಬತ್ತು, ಹತ್ತು, ಟೀಚರಿಗೆ ಫೋನ್ ಮಾಡಲು ಮೂರು ವಾರ ಬೇಕಾಯಿತು, ಧೈರ್ಯ ಇದ್ದ ದಿನ ದನಿ ಇರಲಿಲ್ಲ, ದನಿ ಇದ್ದ ದಿನ ಧೈರ್ಯ ಇರಲಿಲ್ಲ, ಹನ್ನೊಂದು, ಆ ಕಡೆಯಿಂದ ಹಲೋ ಎಂದ ಕೂಡಲೇ ನಾನು, ನಾನು ಗಡಿಯಾರಮ್ಮ ಎಂದುಬಿಟ್ಟೆ, ಹೆಸರೇ ಮರೆತುಹೋಗಿತ್ತು, ಆಕೆ, ಡಾಕ್ಟರಮ್ಮ ಆ ಕರಪತ್ರ ನಿಮಗೂ ಕೊಟ್ಟುಬಿಟ್ರಾ ಎಂದರು, ಆಮೇಲೆ ವಿಳಾಸ ಕೇಳಿದರು, ಗುರುವಾರ ಹನ್ನೊಂದಕ್ಕೆ, ಇಪ್ಪತ್ತು ನಿಮಿಷ ಮಾತ್ರ ಮೇಡಂ, ಹನ್ನೆರಡು, ಸ್ಟೂಲು. ಕೂತೆ. ಕೋಳಿಗೆ ಹತ್ತು. ಎಲ್ಲ ಸರಿಯಾಗಿ ನಡೆಯುತ್ತಿದೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಏಳನೇ ತರಗತಿಗೆ ಎಷ್ಟು ಸಲ ವಿವರಿಸಿದ್ದೇನೆ, ಅರ್ಥವಾದದ್ದು ಹಾಸಿಗೆ ಹಿಡಿದ ಮೇಲೆ — ಆ ಫೋಟೋ ಸೊಟ್ಟಗಿದೆ. ಕಪಾಟಿನ ಮೇಲಿನ ಶಾಲೆಯ ಫೋಟೋ, ಎಡಕ್ಕೆ ವಾಲಿದೆ, ಇರಲಿ. ನೋಡುವುದಿಲ್ಲ. ಅದರ ಗಾಜಿನ ಮೇಲೆ ಧೂಳು, ಧೂಳಿನಲ್ಲಿ ಇವರ ಬೆರಳ ಗುರುತು, ಇವರೂ ಸರಿ ಮಾಡಲು ಹೋಗಿ ಇನ್ನಷ್ಟು ಸೊಟ್ಟ ಮಾಡಿದ್ದಾರೆ, ಆಕೆ ಬಂದ ಕೂಡಲೇ ಕಣ್ಣಿಗೆ ಬೀಳುವುದು ಅದೇ, ಗೆರೆ ಎಳೆಯುವವರ ಕಣ್ಣು, ಸೊಟ್ಟ ಸಹಿಸುವುದಿಲ್ಲ, ಏಳು ಏಳು ಸೋಮಾರಿ, ಒಂದು ಫೋಟೋ ಸರಿಮಾಡಲು ಆಗದಷ್ಟು ಏನಾಗಿದೆ ನಿನಗೆ, ಒಂದು ಕೈ ಸಾಕು — ಎದ್ದೆ. ಸರಿಮಾಡಿದೆ. ಎದ್ದಿದ್ದೇನಲ್ಲ ಎಂದು ಸೆರಗಿನ ತುದಿಯಿಂದ ಗಾಜು ಒರೆಸಿದೆ, ಗಾಜು ಹೊಳೆದಾಗ ಕಪಾಟಿನ ಮೇಲ್ಭಾಗ ಮಂಕಾಗಿ ಕಂಡಿತು, ಅದನ್ನೂ ಒರೆಸಿದೆ, ಒರೆಸುವಾಗ ಒಂದು ನಿಘಂಟು ತಲೆಕೆಳಗಾಗಿತ್ತು, ತೆಗೆದು ನೆಟ್ಟಗಿಟ್ಟೆ, ನೆಟ್ಟಗಿಟ್ಟಾಗ ಅದರ ಪಕ್ಕದ್ದು ಗಿಡ್ಡ, ಅದರ ಪಕ್ಕದ್ದು ಉದ್ದ, ಇದೇನು ಸಾಲು, ಅಸೆಂಬ್ಲಿಯಲ್ಲಿ ಹೀಗೆ ನಿಲ್ಲಿಸುತ್ತಿದ್ದೆನೇ ನಾನು, ಎತ್ತರದ ಪ್ರಕಾರ, ಎತ್ತರದ ಪ್ರಕಾರ, ಆಹಾ ಎಷ್ಟು ಹಗುರ ಈ ಮೈ, ಕಾಯಿಲೆಯೇ ಹೋಯಿತೇನೋ, ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಬೇಕು — ಕಿರ್ರ್. ಕೋಳಿ ಸ್ಟೂಲಿನ ಮೇಲೆ ಕೂಗುತ್ತಿದೆ, ನಾನು ಸ್ಟೂಲಿನ ಮೇಲಿಲ್ಲ.

ಕೆಟ್ಟೆ. ಗೊತ್ತು ಈ ಮೌನ, ಮೊದಲು ಕಿವಿಯಲ್ಲಿ ಹತ್ತಿ ತುರುಕಿದ ಹಾಗೆ, ಆಮೇಲೆ ಮೊಣಕಾಲಿನ ಹಿಂದೆ ಯಾರೋ ದಾರ ಬಿಚ್ಚಿದ ಹಾಗೆ, ಕೂರು ಎಂದು ಬುದ್ಧಿ ಹೇಳಿತು, ಬಾಗಿಲು ಇನ್ನು ಐದೇ ಹೆಜ್ಜೆ ಎಂದು ಗಡಿಯಾರಮ್ಮ ಹೇಳಿದಳು, ಹದಿಮೂರು, ಹದಿನಾಲ್ಕು, ಹದಿನೈದು, ಗೋಡೆ, ಗೋಡೆ ಹಿಡಿದು ಹದಿನಾರು, ಹದಿನೇಳು, ಬಾಗಿಲು, ಬೆನ್ನು ಬಾಗಿಲಿಗೆ ಕೊಟ್ಟೆ, ಬೆನ್ನು ಜಾರಿತು, ನಾನೂ ಅದರ ಜೊತೆ ಜಾರಿದೆ, ಚಪ್ಪಲಿಗಳ ನಡುವೆ ಕೂತಿದ್ದೇನೆ, ಒಂದು ಕೈ ಇವರ ಹಳೇ ಬೂಟಿನೊಳಗೆ. ಬಿದ್ದಿಲ್ಲ, ಕೂತಿದ್ದೇನೆ, ನಾದಿನಿ ಕೇಳಿದರೆ ಹಾಗೆಯೇ ಹೇಳಬೇಕು. ಬೆಲ್ಲು ಹೊಡೆಯಿತು. ಸರಿಯಾಗಿ ಹನ್ನೊಂದಕ್ಕೆ, ಬೇರೆ ಯಾರಾದರೂ ಆಗಿದ್ದರೆ ಮೆಚ್ಚುತ್ತಿದ್ದೆ. ಬೀಗದ ಗುಂಡಿ ತಲೆಯ ಮೇಲೆ ಎಲ್ಲೋ ಆಕಾಶದಲ್ಲಿದೆ, ಬಾಗಿಲು ಎಳೆದರೆ ತಾನಾಗಿ ಬೀಳುವ ಬೀಗ, ಕೈ ಎತ್ತಿದೆ, ಭುಜದವರೆಗೆ ಬಂತು, ಅಲ್ಲಿಂದ ಮೇಲೆ ನನಗೆ ಸಂಬಂಧವಿಲ್ಲ ಎಂದು ವಾಪಸು ಹೋಯಿತು. ಮತ್ತೊಮ್ಮೆ ಬೆಲ್ಲು. ಟೀಚರ್ ಎಂದೆ. ಮೇಡಂ ಎಂದು ಆಚೆಯಿಂದ ಬಂತು, ಯಾಕ್ ಮೇಡಂ ನಿಮ್ಮ ದನಿ ಕೆಳಗಿಂದ ಬರ್ತಿದೆ. ನಾನು ಕೆಳಗಿದ್ದೀನಿ, ಏಳೋಕಾಗ್ತಿಲ್ಲ, ಬಾಗಿಲು ತೆಗೆಯೋಕೂ ಆಗ್ತಿಲ್ಲ. ಬಿದ್ರಾ. ಇಲ್ಲ, ಕಪಾಟು ಜೋಡಿಸ್ತಿದ್ದೆ. ಆಚೆಯಿಂದ, ಯಾರು ಹೇಳಿದ್ರು ಜೋಡಿಸೋಕೆ. ಅವಳೇ ಎಂದೆ, ನಿಮ್ಮ ಮೂರನೇ ಚಿತ್ರದವಳು. ಆಚೆ ಏನೋ ಸದ್ದು, ಕೆಮ್ಮೋ ನಗುವೋ, ಆಮೇಲೆ ಬಟ್ಟೆ ಸರಿದ ಸದ್ದು, ಬಾಗಿಲಿಗೆ ಏನೋ ಒರಗಿದ ಭಾರ, ನಾನೂ ಕೂತ್ಕೊಂಡೆ ಮೇಡಂ, ಎರಡು ಮಹಡಿ ಹತ್ತಿ ಬಂದಿದ್ದೀನಿ, ನೀವು ಬಾಗಿಲು ತೆಗೆದಿದ್ರೂ ಒಳಗೆ ಬರೋಕೆ ನಂಗೂ ಆಗ್ತಿರ್ಲಿಲ್ಲ. ಅವರ ಬೆನ್ನು ಆಚೆ, ನನ್ನ ಬೆನ್ನು ಈಚೆ, ನಡುವೆ ಒಂದು ಅಂಗುಲ ಮರ, ಕೆಳಗೆ ಎರಡು ಬೆರಳಿನಷ್ಟು ಸಂದು, ಮೂರು ವರ್ಷದಿಂದ ಅದಕ್ಕೊಂದು ಪಟ್ಟಿ ಹೊಡೆಸುತ್ತೇನೆ ಎನ್ನುತ್ತಿದ್ದಾರೆ ಇವರು, ಆ ಸಂದಿನಲ್ಲಿ ನಾಲ್ಕು ಬೆರಳು ಕಾಣಿಸಿದವು, ಆಕೆ ನೆಲಕ್ಕೆ ಕೈ ಊರಿರಬೇಕು, ಹೆಬ್ಬೆರಳಿನ ಉಗುರಿನ ಕೆಳಗೆ ಹಸಿರು ಬಣ್ಣ, ಒಣಗಿದ್ದು.

ಹೇಳಿ ಮೇಡಂ, ಹದಿನೇಳು ನಿಮಿಷ ಇದೆ. ಎರಡು ದಿನ ಮಲಗಿಕೊಂಡು ಜೋಡಿಸಿಟ್ಟ ಮಾತುಗಳು, ಮೊದಲು ಇದು, ಆಮೇಲೆ ಅದು, ಒಂದೂ ಇಲ್ಲ, ನಿಘಂಟಿನ ಜೊತೆ ಅವನ್ನೂ ಕಪಾಟಿಗೆ ಇಟ್ಟುಬಿಟ್ಟೆನೋ ಏನೋ, ತಪ್ಪಾಯ್ತು ಟೀಚರ್ ಎಂದೆ, ಅಷ್ಟೇ ಬಂತು, ಯಾವುದು ಎಂದರು, ಆರನೇ ಪಿರಿಯಡ್ಡು ಎಂದೆ, ಏಳನೇ ಬಿ ಎಂದೆ, ಎಲ್ಲರ ಮುಂದೆ ಓದಿದ್ದು ಎಂದೆ, ಕೆಂಪು ಪೆನ್ನಲ್ಲಿ ಬರೆದದ್ದು ಎಂದೆ, ಸಂದಿನಲ್ಲಿ ಹಸಿರು ಉಗುರು ನೆಲವನ್ನು ಒಮ್ಮೆ ತಟ್ಟಿತು. ನಿಮ್ಮನ್ನ ತುಂಬಾ ದಿನ ಬೈದೆ ಮೇಡಂ, ಮಲಗಿ ಮಲಗಿ ಬೈದೆ, ಒಂದ್ಸಲ ಚೆನ್ನಾಗಿ ಬೈದ್ರೆ ಎರಡು ದಿನ ಏಳೋಕಾಗ್ತಿರ್ಲಿಲ್ಲ, ಆಮೇಲೆ ಡಾಕ್ಟರಮ್ಮ, ಯಾವ್ ಯಾವ್ ಕೆಲಸಕ್ಕೆ ಸುಸ್ತಾಗುತ್ತೆ ಅಂತ ಪಟ್ಟಿ ಮಾಡಿ ಅಂದ್ರು, ಸ್ನಾನ, ಮೆಟ್ಟಿಲು, ಆಮೇಲೆ ನೀವು, ಮೂರನೇ ನಂಬರು, ಇದರಲ್ಲಿ ಒಂದನ್ನ ಬಿಡಿ ಅಂದ್ರು, ಸ್ನಾನ ಬಿಡೋಕಾಗಲ್ವಲ್ಲ, ನಿಮ್ಮನ್ನ ಬಿಟ್ಟೆ. ನನಗೆ ನಗು ಬಂತು, ನಗಬಾರದ ಜಾಗ, ಆದರೂ ಬಂತು, ಆಚೆಯೂ ಬಂತು, ಬಾಗಿಲು ಸಣ್ಣಗೆ ಅದುರಿತು. ಮೂಗು ಸ್ವಲ್ಪ ದೊಡ್ಡದಾಯ್ತು ಮೇಡಂ ಚಿತ್ರದಲ್ಲಿ, ಆಗ ಸಿಟ್ಟಿತ್ತು. ಮೂಗು ಇರೋದೇ ಹಾಗೆ ಎಂದೆ, ಮಚ್ಚೆ ಮಾತ್ರ ಬಲಕ್ಕೆ ಬರೆದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಗೊತ್ತಾಗ್ಲಿ ಅಂತಲೇ ಎಡಕ್ಕೆ ಬರೆದೆ. ನಗು ನಿಂತಿತು. ಒಂದು ಮಾತು ಹೇಳ್ತೀನಿ ಎಂದರು, ದನಿ ಬೇರೆಯಾಗಿತ್ತು, ನೀವು ಬರೆದದ್ದು ಮರೆತಿದ್ದೀನಿ, ಏಳನೇ ಬಿ ಮಕ್ಕಳು ಪಾಪ ಒಳ್ಳೆಯವ್ರು, ನಾನು ಗೋಡೆಗೊರಗಿ ಕೂತ್ರೆ ಅವ್ರೇ ಸದ್ದಿಲ್ಲದೆ ಬರೀತಿದ್ರು, ಆದ್ರೆ ಆವತ್ತು ಸ್ಟಾಫ್ ರೂಮಲ್ಲಿ ಎಲ್ಲರೂ ನಕ್ಕರಲ್ಲ, ನನಗೇ ನನ್ನ ಮೇಲೆ ಅನುಮಾನ ಬಂತು, ಸೋಮಾರಿಯೇ ಇರ್ಬೇಕು ನಾನು ಅಂತ, ಎರಡು ವರ್ಷ ಡಾಕ್ಟರ ಹತ್ರಾನೇ ಹೋಗ್ಲಿಲ್ಲ, ಅದು ಇನ್ನೂ ಇದೆ ಮೇಡಂ, ಅದನ್ನ ಇವತ್ತು ತೆಗೆದುಹಾಕೋಕಾಗಲ್ಲ, ಸುಳ್ಳು ಯಾಕೆ ಹೇಳ್ಲಿ. ಬೇಡ ಎಂದೆ, ಸುಳ್ಳು ಬೇಡ. ಬೂಟಿನೊಳಗಿಂದ ಕೈ ತೆಗೆದೆ. ಎರಡು ವರ್ಷ, ನಾನು ಒಂದು ಮಾತಿನಲ್ಲಿ ಮಾಡಿದ್ದು, ಅದೂ ಚೆನ್ನಾಗಿ ಹೇಳಿದೆ ಅಂದುಕೊಂಡು.

ಮೇಲಿನ ಮಹಡಿಯಿಂದ ಹೆಜ್ಜೆ ಸದ್ದು, ಟಕ್ ಟಕ್, ಮೇಲಿನ ಮನೆಯ ವಾಕಿಂಗ್ ಮಹಾಶಯರು, ದಿನಕ್ಕೆ ಹತ್ತು ಸಾವಿರ ಹೆಜ್ಜೆ, ನನ್ನನ್ನು ಕಂಡಾಗಲೆಲ್ಲ ಎದ್ದು ನಡೀರಿ ಮೇಡಂ ಎಲ್ಲಾ ಸರಿಹೋಗುತ್ತೆ ಎನ್ನುವವರು, ಟಕ್ ಟಕ್, ನಿಂತಿತು. ಏನಮ್ಮ, ಬಾಗಿಲು ತೆಗೀತಿಲ್ವಾ. ತೆಗೀತಿಲ್ಲ ಸಾರ್, ಮಾತಾಡ್ತಾ ಇದ್ದೀವಿ. ಯಾರ ಜೊತೆ. ನನ್ನ ಜೊತೆ ಎಂದೆ ನಾನು ನೆಲಮಟ್ಟದಿಂದ. ಅವರು ಸ್ವಲ್ಪ ಯೋಚಿಸಿ, ಏನಾದ್ರೂ ಕಳೆದುಹೋಗಿದ್ಯಾ ಎಂದರು. ಹೌದು ಸಾರ್, ಎರಡೂವರೆ ವರ್ಷ ಆಯ್ತು ಎಂದೆ. ಸಿಗುತ್ತೆ ಬಿಡಿ, ಮಂಚದ ಕೆಳಗೆ ನೋಡಿ ಎಂದು ಹೇಳಿ ಇಳಿದುಹೋದರು, ಟಕ್ ಟಕ್ ಟಕ್, ಎಂಥ ಹೆಜ್ಜೆಗಳು, ಒಂದಾದ ಮೇಲೊಂದು, ನಡುವೆ ಒಂದೂ ಕುರ್ಚಿ ಇಲ್ಲದೆ. ಬಾಗಿಲು ಮತ್ತೆ ಅದುರುತ್ತಿದೆ, ಆಕೆ ನಗುತ್ತಿದ್ದಾರೆ, ನಾನೂ, ಸಾಕು ಟೀಚರ್, ನಗಿಸಬೇಡಿ, ನಾಳೆಯ ಶಕ್ತಿ ಹೋಯಿತು, ಈಗ ಶನಿವಾರದ್ದಕ್ಕೆ ಕೈ ಹಾಕಿದ್ದೇನೆ. ಆಚೆ ಅವರ ಫೋನು ಗುಂಯ್ ಎಂದಿತು. ಇಪ್ಪತ್ತು ನಿಮಿಷ ಆಯ್ತು ಮೇಡಂ. ಹೋಗ್ತೀರಾ. ಈಗಲೇ ಆಗಲ್ಲ, ಮೆಟ್ಟಿಲಿಳಿಯೋಕೆ ಮುಂಚೆ ಹತ್ತು ನಿಮಿಷ ಮಾತಾಡ್ದೆ ಕೂತಿರ್ಬೇಕು, ನೀವೂ ಮಾತಾಡ್ಬೇಡಿ, ಯೋಚನೆನೂ ಮಾಡ್ಬೇಡಿ, ಕಣ್ಣಿಗೆ ಏನಾದ್ರೂ ಒಂದು ಸಿಕ್ಕಿದ್ರೆ ಅದನ್ನ ನೋಡ್ತಾ ಇರಿ, ಅಷ್ಟೆ. ಮುಂದಿನ ಗುರುವಾರ ಬರ್ತೀರಾ ಎಂದೆ. ಮಾತಾಡ್ಬೇಡಿ ಅಂದ್ನಲ್ಲ. ಸುಮ್ಮನಾದೆ, ಮೂವತ್ತು ವರ್ಷದ ನೌಕರಿಯಲ್ಲಿ ನನ್ನನ್ನು ಯಾರೂ ಹೀಗೆ ಗದರಿರಲಿಲ್ಲ, ಹಿತವಾಗಿತ್ತು, ಪಕ್ಕಕ್ಕೆ ವಾಲಿದೆ, ಕೆನ್ನೆ ನೆಲಕ್ಕೆ ತಾಗಿತು, ತಂಪು, ಬರುತ್ತಾರೋ ಇಲ್ಲವೋ, ಗುರುವಾರವೆಂದರೆ ಸೋಮವಾರ ತಲೆ, ಮಂಗಳವಾರ — ಬೇಡ, ಯೋಚಿಸಬಾರದು, ಸಂದಿನಲ್ಲಿ ನಾಲ್ಕು ಬೆರಳು, ಆಚೆಯ ಬೆಳಕು, ನನ್ನ ಮೂಗಿಗೂ ಅವಕ್ಕೂ ಗೇಣು ದೂರ, ಯಾವ ಹಸಿರು ಅದು, ಎಲೆಯದೋ, ಗಿಳಿಯದೋ, ಮಲಗಿಕೊಂಡು ಬರೆದರೆ ಬಣ್ಣ ಉಗುರಿಗೆ ಇಳಿಯುತ್ತದೆಯೇ, ಫ್ಲಾಸ್ಕಿನ ಚಹಾ, ಎರಡು ಲೋಟ, ಇರಲಿ, ಹೆಬ್ಬೆರಳು, ಅಲುಗುತ್ತಿಲ್ಲ, ಹೋಗಿಲ್ಲ, ಇನ್ನೂ ಇದೆ, ಉಗುರಿನ ಕೆಳಗೆ ಹಸಿರು, ಇನ್ನೂ ಇದೆ, ಹಸಿರು